ಎಂಟು ಮಣಿ, ಒಂದು ಹಿಡಿ ಉಪ್ಪು



ಕಳೆದ ಮಳೆಗಾಲದ ಒಂದು ಸಂಜೆ. ಅಂಕೋಲೆಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಎರಡು ತಾಸಾಗಿತ್ತು. ಮಾಡಿನಿಂದ ನೀರು ಧೋ ಎಂದು ಸುರಿಯುತ್ತಿತ್ತು. ಪಿಯುಸಿ ಓದುವ ಮೊಮ್ಮಗ ಜಗಲಿಯ ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿದ್ದ. ಏನು ನೋಡುತ್ತಿದ್ದಾನೆಂದು ಪಕ್ಕಕ್ಕೆ ಹೋಗಿ ಕೂತೆ. ಜಪಾನಿನ ಚಿತ್ರಸರಣಿ. ಅನಿಮೆ ಅನ್ನುತ್ತಾರಲ್ಲ, ಅದು. ಎತ್ತರದ ಗೋಪುರವೊಂದರ ಮಾಡು, ಜಾರುವ ಹೆಂಚು, ಕೆಳಗೆ ತುಂಬಿ ಹರಿಯುವ ಹೊಳೆ. ಆ ಹೆಂಚಿನ ಮೇಲೆ ಇಬ್ಬರು ತರುಣರು ಜೀವದ ಹಂಗು ತೊರೆದು ಹೊಡೆದಾಡುತ್ತಿದ್ದರು. ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ದಂಡ.

"ಇವ್ರಿಬ್ರೂ ಅಣ್ಣತಮ್ಮಂದ್ರು ಅಜ್ಜಾ. ಆದ್ರೆ ಇಬ್ರಿಗೂ ಗೊತ್ತಿಲ್ಲ" ಎಂದ ಹುಡುಗ.

ನಾನು ಪೂರ್ತಿ ನೋಡಿದೆ. ಮರುದಿನವೂ ನೋಡಿದೆ. ಅಜ್ಜ ಮೊಮ್ಮಗ ಇಬ್ಬರೂ ಸೇರಿ ಹದಿಮೂರೂ ಕಂತು ಮುಗಿಸಿದೆವು. ಮುಗಿದ ರಾತ್ರಿ ಅವನು ಒಂದು ಪ್ರಶ್ನೆ ಕೇಳಿದ. "ಇವ್ರು ಎಂಟೂ ಜನ ಒಂದಾಗ್ಬೇಕು ಅಂತ ಮೊದ್ಲೇ ಬರ್ದಿಟ್ಟಿತ್ತಲ್ಲ ಅಜ್ಜಾ, ಮತ್ತೆ ಒಬ್ರನ್ನೊಬ್ರು ಹುಡುಕ್ಕೊಂಡು ಇಷ್ಟು ಕಷ್ಟ ಯಾಕೆ ಪಡ್ಬೇಕಿತ್ತು?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ನಿಮ್ಮೆದುರು ಆ ಉತ್ತರವನ್ನು ಹುಡುಕುವವನಿದ್ದೇನೆ. ಉತ್ತರ ಜಪಾನಿನಿಂದ ಹೊರಟು ನಮ್ಮ ಅಂಕೋಲೆಯ ಕಡಲ ದಂಡೆಗೇ ಬಂದು ನಿಲ್ಲುತ್ತದೆ.

ಅನಿಮೆ ಎಂದರೆ ಹುಡುಗರ ಹೊಸ ಹುಚ್ಚು ಎಂದು ಹಿರಿಯರು ತಿಳಿಯಬಾರದು. 1990ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ 'ಜಂಗಲ್ ಬುಕ್' ನೆನಪಿದೆಯೇ? ಗುಲ್ಜಾರ್ ಬರೆದ ಶೀರ್ಷಿಕೆಗೀತೆ ಶುರುವಾದರೆ ಓಣಿಯ ಮಕ್ಕಳೆಲ್ಲ ಟಿವಿ ಇದ್ದ ಮನೆಗೆ ಓಡುತ್ತಿದ್ದರು. ಆ ಮೋಗ್ಲಿಯನ್ನು ಚಿತ್ರಿಸಿದವರು ಜಪಾನಿನವರು. 1989ರಲ್ಲಿ ಅಲ್ಲಿ ತಯಾರಾದ 52 ಕಂತುಗಳ ಅನಿಮೆ ಅದು. ಅಂದರೆ ಇಂದಿನ ಹುಡುಗರ ಅಪ್ಪ ಅಮ್ಮಂದಿರೇ ಅನಿಮೆ ನೋಡಿ ಬೆಳೆದವರು, ಹೆಸರು ಗೊತ್ತಿರಲಿಲ್ಲ ಅಷ್ಟೇ.

ನಾವು ನೋಡಿದ ಸರಣಿಯ ಹೆಸರು 'ಹಕ್ಕೆನ್‌ಡೆನ್'. ಎಂಟು ನಾಯಿವೀರರ ಚರಿತೆ ಎಂದು ಅರ್ಥ. 1990ರಿಂದ 1995ರ ನಡುವೆ ಎರಡು ಭಾಗವಾಗಿ ಬಂತು. ಕಥೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಕ್ಯೊಕುತೇಯ್ ಬಾಕಿನ್ ಎಂಬ ಕಾದಂಬರಿಕಾರ 1814ರಲ್ಲಿ ಬರೆಯಲು ಕೂತು 1842ರಲ್ಲಿ ಮುಗಿಸಿದ ಕೃತಿ. ಇಪ್ಪತ್ತೆಂಟು ವರ್ಷದ ಕೆಲಸ, ಎಲ್ಲ ಸೇರಿ 106 ಪುಸ್ತಕ.

ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಹದಿನೈದನೆಯ ಶತಮಾನ. ಜಪಾನಿನ ಪೂರ್ವದ ಕಡಲತಡಿಯಲ್ಲಿ ಆವಾ ಎಂಬ ಸೀಮೆ. ಯುದ್ಧದಲ್ಲಿ ಸೋತು ಅಲ್ಲಿಗೆ ಓಡಿಬಂದ ಸತೋಮಿ ಯೊಶಿಜಾನೆ ಎಂಬ ಯುವಕ ಅಲ್ಲಿನ ದುಷ್ಟ ಅಧಿಕಾರಿಯನ್ನು ಕೆಡವಿ ಒಡೆಯನಾಗುತ್ತಾನೆ. ಆ ದುಷ್ಟನ ಜತೆಗಿದ್ದ ತಮಾಜುಸಾ ಎಂಬ ಹೆಂಗಸಿಗೆ ಮೊದಲು ಜೀವದಾನದ ಮಾತು ಕೊಡುತ್ತಾನೆ. ಆಮೇಲೆ ಮಂತ್ರಿಯ ಮಾತು ಕೇಳಿ ಕೊಲ್ಲಿಸುತ್ತಾನೆ. ನಿನ್ನ ಸಂತತಿ ನಾಯಿಗಳಾಗಲಿ ಎಂದು ಶಪಿಸಿ ಆಕೆ ಸಾಯುತ್ತಾಳೆ.

ವರ್ಷಗಳು ಕಳೆಯುತ್ತವೆ. ವೈರಿಯೊಬ್ಬ ಕೋಟೆಯನ್ನು ಮುತ್ತುತ್ತಾನೆ. ಒಳಗೆ ಅನ್ನವಿಲ್ಲ. ಹತಾಶನಾದ ಯೊಶಿಜಾನೆ ತನ್ನ ಸಾಕುನಾಯಿ ಯಾತ್ಸುಫುಸಾನ ತಲೆ ಸವರುತ್ತ, ಆ ವೈರಿಯ ತಲೆ ತಂದರೆ ಮಗಳನ್ನೇ ಕೊಡುತ್ತೇನೆ ಎಂದು ಬಾಯಿತಪ್ಪಿ ಆಡಿಬಿಡುತ್ತಾನೆ. ಬೆಳಗಾಗುವುದರೊಳಗೆ ನಾಯಿ ತಲೆಯನ್ನು ಕಚ್ಚಿಕೊಂಡು ಬಂದು ನಿಲ್ಲುತ್ತದೆ.

ಅಪ್ಪ ಮಾತಿಗೆ ತಪ್ಪಲು ಸಿದ್ಧ. ಮಗಳು ಫುಸೆ ಒಪ್ಪುವುದಿಲ್ಲ. ಒಮ್ಮೆ ತಪ್ಪಿದ ಮಾತಿನಿಂದಲೇ ಮನೆಗೆ ಶಾಪ ಬಂದಿದೆ, ಇನ್ನೊಮ್ಮೆ ತಪ್ಪುವುದು ಬೇಡ ಎಂದು ಅವಳು ಆ ನಾಯಿಯೊಡನೆ ಕಾಡಿಗೆ ಹೋಗಿ ಗುಹೆಯಲ್ಲಿ ಜಪ ಮಾಡುತ್ತ ಕೂರುತ್ತಾಳೆ. ಅವಳ ಕೊರಳಿನಲ್ಲಿ 108 ಮಣಿಗಳ ಸ್ಫಟಿಕದ ಜಪಮಾಲೆ. ಅದರಲ್ಲಿ ಎಂಟು ಮಣಿ ದೊಡ್ಡವು. ಒಂದೊಂದರ ಮೇಲೆ ಒಂದೊಂದು ಗುಣದ ಅಕ್ಷರ: ಕರುಣೆ, ನ್ಯಾಯ, ವಿನಯ, ವಿವೇಕ, ನಿಷ್ಠೆ, ನಂಬಿಕೆ, ತಂದೆತಾಯಿಯ ಮೇಲಿನ ಭಕ್ತಿ, ಒಡಹುಟ್ಟಿದವರ ಮೇಲಿನ ಪ್ರೀತಿ.

ಅವಳನ್ನು ಬಿಡಿಸಲು ಬಂದ ದಾಯ್‌ಸುಕೆ ಎಂಬ ತರುಣ ನಾಯಿಗೆ ಗುಂಡು ಹಾರಿಸುತ್ತಾನೆ. ಗುಂಡು ಅವಳಿಗೂ ತಗಲುತ್ತದೆ. ನಾಯಿಯ ಸಂಗವಿಲ್ಲದೆ, ಬರಿಯ ಭಾವಸ್ಪರ್ಶದಿಂದ ಅವಳು ಬಸುರಾಗಿರುತ್ತಾಳೆ. ತನ್ನ ಶುದ್ಧಿಯನ್ನು ತೋರಿಸಲು ತಾನೇ ಹೊಟ್ಟೆ ಸೀಳಿಕೊಳ್ಳುತ್ತಾಳೆ. ಬಿಳಿಯ ಹೊಗೆಯೊಂದು ಏಳುತ್ತದೆ. ಜಪಮಾಲೆಯ ಎಂಟು ಮಣಿಗಳು ಬೆಳಗುತ್ತ ಎಂಟು ದಿಕ್ಕಿಗೆ ಹಾರಿಹೋಗುತ್ತವೆ. ಮುಂದೆ ಎಂಟು ಬೇರೆ ಬೇರೆ ಮನೆಗಳಲ್ಲಿ ಎಂಟು ಗಂಡುಮಕ್ಕಳು ಹುಟ್ಟುತ್ತಾರೆ. ಒಬ್ಬೊಬ್ಬನ ಬಳಿಯೂ ಒಂದು ಮಣಿ, ಮೈಮೇಲೆ ಹೂವಿನ ಆಕಾರದ ಒಂದು ಮಚ್ಚೆ. ಎಲ್ಲರ ಮನೆತನದ ಹೆಸರೂ 'ಇನು' ಎಂದೇ ಶುರುವಾಗುತ್ತದೆ. ಇನು ಎಂದರೆ ನಾಯಿ.

ಆ ದಾಯ್‌ಸುಕೆ ಏನಾದ ಗೊತ್ತೇ? ತಲೆ ಬೋಳಿಸಿ ಸನ್ಯಾಸಿಯಾದ. ಉಳಿದ ನೂರು ಮಣಿಗಳ ಮಾಲೆಯನ್ನು ಹಿಡಿದುಕೊಂಡು, ಹಾರಿಹೋದ ಎಂಟನ್ನು ಹುಡುಕಲು ಊರೂರು ಅಲೆದ. ಇಪ್ಪತ್ತು ವರ್ಷ ಮೀರಿದ ಅಲೆದಾಟ ಅದು. ಈ ಸನ್ಯಾಸಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮೊಮ್ಮಗನ ಪ್ರಶ್ನೆಗೆ ಉತ್ತರ ಇವನ ಕಾಲಿನಲ್ಲಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ ನಾವು. ಈ ಇಡೀ ಕಥೆ ಆ ಗಾದೆಯ ಮೇಲೆಯೇ ನಿಂತ ಹಾಗಿದೆ. ದಶರಥ ಕೈಕೇಯಿಗೆ ಕೊಟ್ಟ ಮಾತು ರಾಮನನ್ನು ಕಾಡಿಗೆ ಕಳಿಸಿತು. ಯೊಶಿಜಾನೆ ನಾಯಿಗೆ ಕೊಟ್ಟ ಮಾತು ಫುಸೆಯನ್ನು ಕಾಡಿಗೆ ಕಳಿಸಿತು. ಎರಡೂ ಕಡೆ ಮಾತು ಕೊಟ್ಟವನು ಅಪ್ಪ, ನಡೆಸಿದ್ದು ಮಕ್ಕಳು.

ಇನ್ನು ಆ ನಾಯಿ. ನಮ್ಮಲ್ಲಿ ನಾಯಿ ಎಂದರೆ ಬೈಗುಳ. ಆದರೆ ಕನ್ನಡದ ನೆಲ ನಾಯಿಗೂ ವೀರಗಲ್ಲು ನಿಲ್ಲಿಸಿದ ನೆಲ. ಮಂಡ್ಯ ಜಿಲ್ಲೆಯ ಮದ್ದೂರಿನ ಹತ್ತಿರ ಆತಕೂರು ಎಂಬ ಊರಿದೆ. 949ರ ತಕ್ಕೋಲಂ ಯುದ್ಧದಲ್ಲಿ ಚೋಳರ ವಿರುದ್ಧ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ಬೂತುಗ ದೊರೆ, ಬೇಕಾದ್ದು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದ. ಕಲ್ಲಿನಲ್ಲಿ ಇಂದಿಗೂ ನಾಯಿ ಮತ್ತು ಹಂದಿ ಹೋರಾಡುತ್ತಿವೆ. ಜಪಾನಿನ ಕಥೆಯಲ್ಲಿ ನಾಯಿ ರಾಜಕುಮಾರಿಯನ್ನು ಬಹುಮಾನವಾಗಿ ಪಡೆಯಿತು, ನಮ್ಮ ಇತಿಹಾಸದಲ್ಲಿ ವೀರ ನಾಯಿಯನ್ನು ಬಹುಮಾನವಾಗಿ ಪಡೆದ. ಕಡೆಗೆ ಧರ್ಮರಾಯ ಸ್ವರ್ಗದ ಬಾಗಿಲಿನಲ್ಲಿ ನಿಂತಾಗಲೂ ಜತೆಗೆ ಉಳಿದದ್ದು ನಾಯಿಯೇ ಅಲ್ಲವೇ? ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ಮೊಬೈಲು ಕೆಳಗಿಟ್ಟು ಕೇಳಿದ.

ಆ ಗೋಪುರದ ಕಾಳಗಕ್ಕೆ ಬರೋಣ. ಹೆಂಚಿನ ಮೇಲೆ ಹೊಡೆದಾಡುತ್ತಿದ್ದವರು ಶಿನೋ ಮತ್ತು ಗೆನ್‌ಪಾಚಿ. ಶಿನೋ ತೀರಿಹೋದ ತಂದೆಯ ಮಾತಿನಂತೆ, ಕಾಪಾಡಿಕೊಂಡು ಬಂದ ಖಡ್ಗವೊಂದನ್ನು ಅದರ ಒಡೆಯನಿಗೆ ಒಪ್ಪಿಸಲು ಬಂದವನು. ಆದರೆ ದಾರಿಯಲ್ಲಿ ಯಾರೋ ಖಡ್ಗವನ್ನು ಬದಲಾಯಿಸಿದ್ದಾರೆ. ಅವನನ್ನು ಗೂಢಚಾರನೆಂದು ಹಿಡಿಯಲು ಹೊರಟಾಗ ಮಾಡಿಗೆ ಹತ್ತುತ್ತಾನೆ. ಅವನನ್ನು ಹಿಡಿಯಲೆಂದೇ ಸೆರೆಮನೆಯಿಂದ ಬಿಡಿಸಿ ತಂದವನು ಗೆನ್‌ಪಾಚಿ. ಇಬ್ಬರ ಬಳಿಯೂ ಮಣಿಯಿದೆ, ಒಬ್ಬನದು ಇನ್ನೊಬ್ಬನಿಗೆ ಗೊತ್ತಿಲ್ಲ. ಜಪಾನಿನ ಕಬುಕಿ ರಂಗಭೂಮಿಯಲ್ಲಿ ಈ ದೃಶ್ಯ ಬಹಳ ಪ್ರಸಿದ್ಧ. ಯೊಶಿತೊಶಿ ಎಂಬ ಚಿತ್ರಕಾರ 1885ರಲ್ಲಿ ಇದನ್ನು ಮರದಚ್ಚಿನ ಚಿತ್ರವಾಗಿ ಮಾಡಿದ್ದಾನೆ.

ಇದನ್ನು ನೋಡುವಾಗ ನನ್ನ ಕಿವಿಯಲ್ಲಿ ಚಂಡೆ ಬಾರಿಸುತ್ತಿತ್ತು. ನಾನು ಚಿಕ್ಕವನಿದ್ದಾಗ ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟ ಆಗುತ್ತಿತ್ತು. ಗ್ಯಾಸ್‌ಲೈಟಿನ ಬೆಳಕು, ಕೂರಲು ಮನೆಯಿಂದ ಒಯ್ದ ಚಾಪೆ, ಹೊದೆಯಲು ಕಂಬಳಿ. ಕರ್ಣಾರ್ಜುನರ ಕಾಳಗದ ರಾತ್ರಿ ಅಜ್ಜಿ ನನ್ನನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದಳು, 'ನೋಡು ಮಗಾ, ಅಣ್ಣತಮ್ಮ ಹೊಡೆದಾಡ್ತಿದ್ರು' ಎಂದು. ಅರ್ಜುನನಿಗೆ ಎದುರಿಗಿರುವವನು ಅಣ್ಣನೆಂದು ಗೊತ್ತಿಲ್ಲ. ಕರ್ಣನಿಗೆ ಗೊತ್ತಿದೆ, ಹೇಳುವ ಹಾಗಿಲ್ಲ. ಗದ್ದೆಯಲ್ಲಿ ಕೂತ ಅಷ್ಟೂ ಜನಕ್ಕೆ ಗೊತ್ತಿದೆ, ಕೂಗಿ ಹೇಳುವ ಹಾಗಿಲ್ಲ. ಬಭ್ರುವಾಹನ ಅಪ್ಪನ ಮೇಲೆಯೇ ಬಾಣ ಬಿಡುವಾಗಲೂ ಇದೇ ಸಂಕಟ. ಅಂದು ಗದ್ದೆಯಲ್ಲಿ ನಾನು ಹೇಗೆ ಉಸಿರು ಬಿಗಿಹಿಡಿದು ಕೂತಿದ್ದೆನೋ, ಮೊಬೈಲಿನ ಎದುರು ಮೊಮ್ಮಗ ಹಾಗೆಯೇ ಕೂತಿದ್ದ.

ಬಡಗುತಿಟ್ಟಿನ ಪಾಂಡವರ ಒಡ್ಡೋಲಗವನ್ನು ನೋಡಿದವರಿಗೆ ಇನ್ನೊಂದು ಸಂಗತಿ ನೆನಪಾದೀತು. ಐವರೂ ಒಟ್ಟಿಗೇ ಧುತ್ತೆಂದು ಎದುರಿಗೆ ಬರುವುದಿಲ್ಲ. ಮೊದಲು ತೆರೆ. ತೆರೆಯ ಹಿಂದೆ ಗೆಜ್ಜೆಯ ಸದ್ದು, ಮೇಲೆ ಕಾಣುವ ಕಿರೀಟದ ತುದಿ. ಆಮೇಲೆ ಒಬ್ಬೊಬ್ಬರದೇ ಹೆಜ್ಜೆ, ಒಬ್ಬೊಬ್ಬರದೇ ಗತ್ತು. ಕೊನೆಗೆ ಐವರೂ ಒಂದೇ ತಾಳಕ್ಕೆ ಕುಣಿಯುತ್ತಾರೆ. ಬೇರೆ ಬೇರೆ ಹೆಜ್ಜೆ ಒಂದೇ ತಾಳಕ್ಕೆ ಬರುವ ಆ ಕ್ಷಣದಲ್ಲಿ ಚಿಕ್ಕಂದಿನಲ್ಲಿ ನನಗೆ ಮೈ ನವಿರೇಳುತ್ತಿತ್ತು. ಹಕ್ಕೆನ್‌ಡೆನ್ ಎಂಬುದು ಇಪ್ಪತ್ತೆಂಟು ವರ್ಷ ನಡೆದ ಒಂದು ಒಡ್ಡೋಲಗ.

ರಾಮಾಯಣದಲ್ಲಂತೂ ಈ ಕಥೆಯೇ ಇದೆ. ರಾವಣನನ್ನು ಕೊಲ್ಲಲು ವಿಷ್ಣು ಅವತರಿಸುವಾಗ ಬ್ರಹ್ಮ ಉಳಿದ ದೇವತೆಗಳಿಗೆ, ನೀವೂ ಕಪಿಗಳಾಗಿ ಹುಟ್ಟಿ ಎಂದ. ಸೂರ್ಯನ ಅಂಶ ಸುಗ್ರೀವ, ವಾಯುವಿನ ಅಂಶ ಹನುಮಂತ, ಅಗ್ನಿಯ ಅಂಶ ನೀಲ, ವಿಶ್ವಕರ್ಮನ ಅಂಶ ನಳ. ದೇವಲೋಕದ ಮಾಲೆ ಹರಿದು ಮಣಿಗಳು ಕಾಡಿಗೆ ಬಿದ್ದ ಹಾಗೆ. ಆದರೂ ರಾಮ ಸುಗ್ರೀವರು ಬೆಂಕಿಯನ್ನು ಸಾಕ್ಷಿಯಾಗಿ ಇಟ್ಟುಕೊಂಡು ಸ್ನೇಹದ ಮಾತು ಕೊಡಬೇಕಾಯಿತು. ಹುಟ್ಟಿನಲ್ಲಿ ಎಲ್ಲ ನಿಶ್ಚಯವಾಗಿತ್ತು, ಆದರೂ ಕೈಗೆ ಕೈ ಕೊಡುವ ಕೆಲಸ ಬಾಕಿಯಿತ್ತು. ಗಡಿಯಾಚೆಯ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳನ್ನು ನೂರಾರು ವರ್ಷಗಳಿಂದ ಆಡುತ್ತ ಬಂದ ಕರಾವಳಿ ನಮ್ಮದು.

ಆ ರಾಮಾಯಣವನ್ನೇ ಜಪಾನಿನವರು ಅನಿಮೆ ಮಾಡಿದ್ದಾರೆ. ಯೂಗೋ ಸಾಕೋ ಎಂಬ ಜಪಾನೀ ನಿರ್ದೇಶಕರು 1983ರಲ್ಲಿ ಉತ್ತರಪ್ರದೇಶದಲ್ಲಿ ಬಿ. ಬಿ. ಲಾಲರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದರು. ಆಗ ರಾಮನ ಕಥೆ ಅವರ ಮನಸ್ಸನ್ನು ಹಿಡಿಯಿತು. ಭಾರತದ ಆನಿಮೇಷನ್ನಿನ ಹಿರಿಯ ರಾಮ್ ಮೋಹನ್ ಅವರೊಡನೆ ಸೇರಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಚಿತ್ರ ಮಾಡಿದರು. 1992ರಲ್ಲಿ ಸಿದ್ಧವಾದ ಚಿತ್ರಕ್ಕೆ ವನರಾಜ್ ಭಾಟಿಯಾ ಸಂಗೀತ ಕೊಟ್ಟರು. ಹಾಡುಗಳು ಸಂಸ್ಕೃತದಲ್ಲಿ. ಜಪಾನಿನ ಕಲಾವಿದರಿಗೆ ಧೋತಿಯ ನೆರಿಗೆ ಹೇಗೆ, ನಮಸ್ಕಾರ ಮಾಡುವ ಕೈ ಹೇಗೆ ಎಂದು ಇಲ್ಲಿಯವರು ಕಲಿಸಿದರು, ಅಲ್ಲಿಯವರು ಚಿತ್ರಕ್ಕೆ ಚಲನೆ ಕೊಟ್ಟರು. 2025ರ ಜನವರಿಯಲ್ಲಿ ಅದು ಮತ್ತೆ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂತು. ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿಯೂ ಬಂದಿದ್ದರೆ ನಮ್ಮ ಮಕ್ಕಳು ಎಷ್ಟು ಸಂತೋಷಪಡುತ್ತಿದ್ದರು ಎಂದು ನನಗೆ ಅನಿಸುತ್ತಲೇ ಇದೆ.

ಬಾಕಿನ್‌ನ ಬದುಕನ್ನೂ ಒಂದಿಷ್ಟು ಹೇಳಬೇಕು. ಕಾದಂಬರಿ ಇನ್ನೂ ನಡೆಯುತ್ತಿದ್ದಾಗಲೇ ಅವನ ಒಂದು ಕಣ್ಣು ಹೋಯಿತು, ಆಮೇಲೆ ಇನ್ನೊಂದೂ ಹೋಯಿತು. ಮಗ ಮೊದಲೇ ತೀರಿಹೋಗಿದ್ದ. ಆಗ ವಿಧವೆ ಸೊಸೆ ಓಮಿಚಿ ಬರೆಯಲು ಕೂತಳು. ಅವಳಿಗೆ ಕಠಿಣವಾದ ಚೀನೀ ಅಕ್ಷರಗಳು ಬರುತ್ತಿರಲಿಲ್ಲ. ಕುರುಡ ಮಾವ ಒಂದೊಂದು ಅಕ್ಷರದ ಗೆರೆಯನ್ನೂ ಬಾಯಿಯಲ್ಲಿ ಹೇಳಿ ಕಲಿಸುತ್ತ ಹೋದ, ಅವಳು ಬರೆಯುತ್ತ ಹೋದಳು. ಎಂಟು ವೀರರು ಒಂದುಗೂಡುವ ಕಥೆ ಪೂರ್ತಿಯಾದದ್ದು ಮನೆಯ ಒಬ್ಬ ಹೆಣ್ಣುಮಗಳ ಕೈಯಿಂದ.

ನಮ್ಮ ತಾಲೂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡು ಅವರ ನಾಲಗೆಯ ಮೇಲಿತ್ತು. ತಾಯಿಯಿಂದ ಕಲಿತು, ಕಿರಿಯರಿಗೆ ಕಲಿಸಿ, 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರವರಿಯಲ್ಲಿ ನಮ್ಮನ್ನು ಅಗಲಿದರು. ಕಥೆಯೊಂದು ತಲೆಮಾರು ದಾಟಬೇಕಾದರೆ ಯಾರೋ ಒಬ್ಬರು ಕೂತು ಹೇಳಬೇಕು, ಇನ್ನೊಬ್ಬರು ಕೂತು ಕೇಳಬೇಕು.

ಕೇಳುಗರೇ, ಈಗ ಮೊಮ್ಮಗನ ಪ್ರಶ್ನೆಗೆ ಬರುತ್ತೇನೆ. ಒಂದಾಗುವುದು ಹಣೆಯಲ್ಲಿ ಬರೆದಿದ್ದರೆ ಹುಡುಕುವ ಕಷ್ಟ ಯಾಕೆ?

ಇದಕ್ಕೆ ಕನ್ನಡದಲ್ಲಿ ನಾವು ದಿನವೂ ಬಳಸುವ ಒಂದು ಮಾತಿದೆ. ಹಿಂದೆಂದೂ ಕಾಣದವರು ಹತ್ತಿರದವರಾದರೆ ಋಣಾನುಬಂಧ ಎನ್ನುತ್ತೇವೆ. ಮದುವೆಗೂ ಇದೇ ಮಾತು, ಸಾವಿನ ಮನೆಯಲ್ಲಿಯೂ ಇದೇ ಮಾತು. ಅದರಲ್ಲಿ ಏನಿದೆ ನೋಡಿ. ಮೊದಲು ಋಣ, ಆಮೇಲೆ ಬಂಧ. ನಮ್ಮ ಹಿರಿಯರು ಮನುಷ್ಯರನ್ನು ಕಟ್ಟುವ ಹಗ್ಗವನ್ನು ವಿಧಿ ಎಂದು ಸುಮ್ಮನೆ ಕೈಬಿಡಲಿಲ್ಲ, ಸಾಲ ಎಂದರು. ಸಾಲ ಹಣೆಯಲ್ಲಿ ಬರೆದಿರಬಹುದು. ತೀರಿಸಲು ಮಾತ್ರ ನಾವೇ ನಡೆದು ಹೋಗಬೇಕು. ಆ ಸನ್ಯಾಸಿ ನೂರು ಮಣಿಗಳ ಮಾಲೆ ಹಿಡಿದು ಇಪ್ಪತ್ತು ವರ್ಷ ನಡೆದದ್ದು ಇದಕ್ಕೇ. ತಾನು ಹಾರಿಸಿದ ಗುಂಡಿನ ಋಣ ಅವನ ಮೇಲಿತ್ತು.

ಹಳಗನ್ನಡದಲ್ಲಿ ಈ ಋಣಕ್ಕೆ ಜೋಳವಾಳಿ ಎಂಬ ಮಾತಿತ್ತು. ತಿಂದ ಜೋಳಕ್ಕೆ ಪ್ರಾಣ ಕೊಡುವ ಧರ್ಮ. ಪಂಪನ ಕರ್ಣ ನಿಂತದ್ದು ಈ ಧರ್ಮದ ಮೇಲೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ, ಸುಮಾರು 1220ರಲ್ಲಿ, ಅವನ ದಂಡನಾಯಕ ಕುವರಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ವೀರರೊಡನೆ ಪ್ರಾಣ ಅರ್ಪಿಸಿದ ಸಂಗತಿ ಅಲ್ಲಿ ಕೆತ್ತಿದೆ. ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ವೀರರ ಶಿಲ್ಪ ಆ ಕಂಬದ ಸುತ್ತ ಇದೆ. ಜಪಾನಿನಲ್ಲಿಯೂ ಹೀಗೇ ಆಯಿತು. ನಿಜವಾದ ಸತೋಮಿ ಮನೆತನದ ಕೊನೆಯ ಒಡೆಯ ತದಾಯೊಶಿ ರಾಜ್ಯ ಕಳೆದುಕೊಂಡು ದೂರದೂರಿನಲ್ಲಿ 1622ರಲ್ಲಿ ಸತ್ತಾಗ ಎಂಟು ಮಂದಿ ಸೇವಕರು ಅವನ ಹಿಂದೆ ಪ್ರಾಣಬಿಟ್ಟರು. ಹಕ್ಕೆನ್‌ಡೆನ್ ಕಥೆಯ ಎಂಟು ವೀರರಿಗೆ ಇವರೇ ಮೂಲ ಎನ್ನುವವರು ಅಲ್ಲಿದ್ದಾರೆ.

ಈ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಆದರೆ ಮೊಮ್ಮಗನಿಗೆ ಇದನ್ನೇ ಆದರ್ಶವೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಕರ್ಣನ ಋಣ ದೊಡ್ಡದು, ಅವನು ಅದನ್ನು ತೀರಿಸಿದ್ದು ಅನ್ಯಾಯದ ಪಾಳೆಯದಲ್ಲಿ ನಿಂತು. ಒಡೆಯನ ಹಿಂದೆ ಸಾಯುವ ಪದ್ಧತಿಯನ್ನು ಜಪಾನಿನ ಆಡಳಿತವೇ 1663ರಲ್ಲಿ ನಿಷೇಧಿಸಿತು. ವಿಭೀಷಣ ಅಣ್ಣನ ಅನ್ನ ತಿಂದವನೇ, ಆದರೂ ಅಧರ್ಮಕ್ಕೆ ಜತೆಯಾಗದೆ ಎದ್ದು ಬಂದ. ಆ ಎಂಟು ಮಣಿಗಳಲ್ಲಿ ನಿಷ್ಠೆ ಒಂದು ಮಣಿ ಮಾತ್ರ. ನ್ಯಾಯಕ್ಕೂ ಒಂದು ಮಣಿಯಿದೆ, ಕರುಣೆಗೂ ಒಂದಿದೆ. ಎಂಟೂ ಕೂಡದೆ ಮಾಲೆ ಪೂರ್ತಿಯಾಗುವುದಿಲ್ಲ.

ಗೋಪುರದ ಮೇಲಿಂದ ಬಿದ್ದ ಶಿನೋ ಮತ್ತು ಗೆನ್‌ಪಾಚಿ ಏನಾದರು ಎಂದು ನಾನು ಹೇಳಲಿಲ್ಲ. ಇಬ್ಬರೂ ಹೊಳೆಯಲ್ಲಿದ್ದ ಒಂದು ದೋಣಿಯೊಳಗೆ ಬೀಳುತ್ತಾರೆ. ಎಚ್ಚರ ತಪ್ಪಿದ ಇಬ್ಬರನ್ನು ಹೊತ್ತ ದೋಣಿ ತೇಲುತ್ತ ಗ್ಯೋತೊಕು ಎಂಬ ಊರಿಗೆ ಬರುತ್ತದೆ. ಅಲ್ಲಿ ಒಬ್ಬರ ಮಣಿ ಒಬ್ಬರಿಗೆ ಕಾಣಿಸುತ್ತದೆ, ಹೊಡೆದಾಡಿದವರು ಅಣ್ಣತಮ್ಮಂದಿರಾಗುತ್ತಾರೆ. ಆ ಗ್ಯೋತೊಕು ಎಂಥ ಊರು ಗೊತ್ತೇ? ಉಪ್ಪಿನ ಆಗರಗಳ ಊರು. ಇಂದು ಟೋಕಿಯೋ ಎನ್ನುವ ಮಹಾನಗರಕ್ಕೆ ಶತಮಾನಗಳ ಕಾಲ ಉಪ್ಪು ಕೊಟ್ಟ ದಂಡೆ ಅದು. ಗಂಗಾವಳಿ ದಾಟಿದರೆ ಸಿಗುವ ನಮ್ಮ ಸಾಣಿಕಟ್ಟೆಯ ಹಾಗೆ.

ಉಪ್ಪು ಎಂದ ಕೂಡಲೇ ಅಂಕೋಲೆಯವರ ಎದೆಯಲ್ಲಿ ಏನೋ ಮಿಡಿಯುತ್ತದೆ. ಆ ಮಿಡಿತ 1930ರದು.

ಆ ವರ್ಷ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ಹೊರಟರು. ಜತೆಗೆ ಹೊರಟ ಸತ್ಯಾಗ್ರಹಿಗಳು ಎಪ್ಪತ್ತೆಂಟು ಮಂದಿ. ದೇಶದ ಬೇರೆ ಬೇರೆ ಮೂಲೆಗಳಿಂದ ಬಂದವರು, ಬೇರೆ ಬೇರೆ ಭಾಷೆಯವರು. ಅವರಲ್ಲಿ ಒಬ್ಬನೇ ಒಬ್ಬ ಕನ್ನಡಿಗ, ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪ. ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪಿನ ಕಾನೂನು ಮುರಿಯಿತು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ನಮ್ಮವರು ಉಪ್ಪು ತೆಗೆದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹದ ಕೇಂದ್ರ ಅಂಕೋಲೆಯಾಯಿತು.

ಆಮೇಲೆ ಕರನಿರಾಕರಣೆ. ಸರ್ಕಾರ ಗದ್ದೆ ಮುಟ್ಟುಗೋಲು ಹಾಕಿತು. ಮನೆಯ ಪಾತ್ರೆಪಗಡಗಳನ್ನು ಹೊರಗಿಟ್ಟು ಹರಾಜು ಕೂಗಿತು. ಗಂಡಸರು ಜೈಲಿಗೆ ಹೋದರು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ದಿಕ್ಕು ತೋಚದೆ ನಿಂತರೂ ಕ್ಷಮೆ ಕೇಳಲಿಲ್ಲ. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಆಗ. ಮುಂಬಯಿ ಪ್ರಾಂತದಲ್ಲಿ 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕಳೆದುಕೊಂಡ ಭೂಮಿಯನ್ನು ರೈತರಿಗೆ ಮರಳಿಸುವ ದಾರಿಯಾಯಿತು. ಮೈಲಾರ ಮಹಾದೇವಪ್ಪ ಮಾತ್ರ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು.

ಉಪ್ಪಿನ ಋಣ ಎನ್ನುತ್ತೇವೆ. ಯಾರ ಉಪ್ಪು ತಿಂದೆಯೋ ಅವರಿಗೆ ಬದ್ಧನಾಗಿರು ಎಂಬುದು ಹಳೆಯ ಅರ್ಥ. ಆ ಅರ್ಥ ಹಿಡಿದರೆ ಸಂಬಳ ಕೊಟ್ಟ ಸರ್ಕಾರಕ್ಕೆ, ಭೂಮಿ ಕೊಟ್ಟ ಒಡೆಯನಿಗೆ ಬಾಗಿಯೇ ನಡೆಯಬೇಕು. 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಆ ಅರ್ಥವನ್ನು ತಿರುಗಿಸಿಬಿಟ್ಟರು. ಉಪ್ಪು ಕಡಲಿನದು, ಕಡಲು ಎ‌ಲ್ಲರದು, ಆದ್ದರಿಂದ ನನ್ನ ಋಣ ಈ ನೆಲದ ಎಲ್ಲರಿಗೆ. ಒಕ್ಕಲಿಗ, ವ್ಯಾಪಾರಿ, ಮೇಷ್ಟ್ರು, ವಕೀಲ, ಹಿಂದಿನ ದಿನದವರೆಗೆ ಬೇರೆ ಬೇರೆ ಕೇರಿಯವರಾಗಿದ್ದವರ ಕೈಯಲ್ಲಿ ಒಂದೇ ಉಪ್ಪು. ಅವರ ಮೈಮೇಲೆ ಹೂವಿನ ಮಚ್ಚೆ ಇರಲಿಲ್ಲ. ಹುಟ್ಟುವಾಗ ಮುಷ್ಟಿಯಲ್ಲಿ ಮಣಿ ಹಿಡಿದು ಬಂದವರಲ್ಲ. ಬಗ್ಗಿ, ಕೆಸರಿನಿಂದ ತಾವೇ ಎತ್ತಿಕೊಂಡರು.

ಮೊಮ್ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟು. ಮಗಾ, ಬರೆದಿಟ್ಟದ್ದು ಋಣ. ನಡೆಯುವ ಕಾಲು ನಿನ್ನದು. ನಿನ್ನ ಆ ಎಂಟು ಮಂದಿಯಲ್ಲಿ ಒಬ್ಬನಾದರೂ, ನನ್ನ ಪಾಡಿಗೆ ನಾನಿರುತ್ತೇನೆ ಎಂದು ಮಣಿಯನ್ನು ಪೆಟ್ಟಿಗೆಯಲ್ಲಿಟ್ಟು ಕೂತಿದ್ದರೆ ಯಾವ ವಿಧಿಯೂ ಅವರನ್ನು ಒಂದು ಮಾಡುತ್ತಿರಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಆ ಉಪ್ಪು ತೆಗ್ದವ್ರಲ್ಲಿ ನಮ್ಮ ಕೇರಿಯವ್ರು ಯಾರ್ಯಾರಿದ್ರು ಅಜ್ಜಾ?"

ನಾನು ಮೂರು ಹೆಸರು ಹೇಳಿದೆ. ನಾಲ್ಕನೆಯದು ನೆನಪಿಗೆ ಬರಲಿಲ್ಲ. ಚಿಕ್ಕಂದಿನಲ್ಲಿ ನಮ್ಮಪ್ಪ ಹೇಳಿದ್ದರು, ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾಲೆಯ ಒಂದು ಮಣಿ ನನ್ನ ಕೈಯಿಂದಲೇ ಜಾರಿಹೋಗಿತ್ತು.

ಮರುದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ಇಬ್ಬರೂ ಛತ್ರಿ ಹಿಡಿದುಕೊಂಡು, ಕೇರಿಯ ತೊಂಬತ್ತು ದಾಟಿದ ಒಬ್ಬ ಅಜ್ಜಿಯ ಮನೆಗೆ ಹೋದೆವು. ಅವರು ನಾಲ್ಕನೆಯ ಹೆಸರು ಹೇಳಿದರು. ನಮಗೆ ಗೊತ್ತಿಲ್ಲದ ಐದನೆಯದನ್ನೂ ಹೇಳಿದರು. ಮೊಮ್ಮಗ ಅದನ್ನು ಬರೆದುಕೊಂಡ. ಈಗ ಭಾನುವಾರಗಳಲ್ಲಿ ಅವನು ಒಂದು ಪಟ್ಟಿ ಪುಸ್ತಕ ಹಿಡಿದು ಬೇರೆ ಕೇರಿಗಳಿಗೂ ಹೋಗುತ್ತಿದ್ದಾನೆ.

ಕಾರವಾರದ, ಅಂಕೋಲೆಯ, ಇಡೀ ಜಿಲ್ಲೆಯ ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮಕ್ಕಳು ಅನಿಮೆ ನೋಡುತ್ತಿದ್ದರೆ ಬೈಯಬೇಡಿ, ಹತ್ತಿರ ಹೋಗಿ ಕೂತು ಕಥೆ ಕೇಳಿ. ಅವರು ತಮ್ಮ ವೀರರ ಹೆಸರು ಹೇಳಿ ಮುಗಿಸಿದ ಮೇಲೆ ನಿಮ್ಮ ಮನೆಯ, ನಿಮ್ಮ ಕೇರಿಯ ಹೆಸರುಗಳನ್ನು ನೀವು ಹೇಳಿ. ನೆನಪಾಗದಿದ್ದರೆ ನೆನಪಿರುವವರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಈ ವಾರವೇ ಹೋಗಿ.